ನೆರಳು ತೋರಿಸುವ ಕೆಲಸ

ಅಮ್ಮನ ಎದುರು ಇಸ್ಪೀಟಿನ ಮಾತೆತ್ತುವ ಹಾಗೇ ಇರಲಿಲ್ಲ. ಯಾರಾದರೂ ಅಪ್ಪಿತಪ್ಪಿ ಎತ್ತಿದರೆ ಅವತ್ತೆಲ್ಲ ಅಡುಗೆಮನೆಯ ಪಾತ್ರೆಗಳಿಗೆ ಗ್ರಹಚಾರ. ರೈಲಿನಲ್ಲಿ ಎದುರು ಸೀಟಿನವರು ಹೊತ್ತು ಹೋಗದೆ ಎಲೆ ಹಂಚತೊಡಗಿದರೂ ಸಾಕು, ಚೀಲ ಎತ್ತಿಕೊಂಡು, ಮಗನ ರಟ್ಟೆ ಹಿಡಿದು, ಬಾಗಿಲ ಬಳಿ ನಿಂತುಕೊಂಡೇ ಊರು ಸೇರುವ ಹೆಂಗಸು ಅವಳು. "ಆಡೋರನ್ನ ನೋಡಿದ್ರೂ ಅಂಟುತ್ತೆ" ಅನ್ನುತ್ತಿದ್ದಳು, ಅದೇನೋ ಕಜ್ಜಿಯೋ ತುರಿಯೋ ಅನ್ನುವಂತೆ.

ಅವಳು ಹಾಗಾಗಿದ್ದಕ್ಕೆ ಕಾರಣವಿತ್ತು. ಅವಳ ಗಂಡ ಬೋರ್ಡು ಬರೆಯುವವನು. ಅಂಗಡಿಯ ಹೆಸರಿರಲಿ, ಲಾರಿಯ ಹಿಂಬದಿಯ ಅಕ್ಷರವಿರಲಿ, ಆಸ್ಪತ್ರೆಯ ಗೋಡೆಯ ಮೇಲಿನ ಬಾಣದ ಗುರುತೇ ಇರಲಿ, ಅವನು ಕುಂಚ ಹಿಡಿದನೆಂದರೆ ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಮಾತೂ ಮೆತ್ತಗೆ, ಮನಸ್ಸೂ ಮೆತ್ತಗೆ. ಆದರೆ ಸೈಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ನಡೆಯುತ್ತಿದ್ದ ಆಟಕ್ಕೆ ಒಮ್ಮೆ ಹೋಗಿ ಕೂತವನು ಮತ್ತೆ ಪೂರ್ತಿಯಾಗಿ ಎದ್ದು ಬರಲೇ ಇಲ್ಲ. ಗಡಿಯಾರ ಹೋಯಿತು, ರೇಡಿಯೋ ಹೋಯಿತು, ಕೊನೆಗೆ ಅಮ್ಮನ ಹೊಲಿಗೆ ಮಷೀನೂ ಹೋಯಿತು.

ಅದು ಅವಳಿಗೆ ತವರಿನಿಂದ ಬಂದ ಕರಿ ಮಷೀನು. ಅದರ ಮೈಮೇಲಿದ್ದ ಬಂಗಾರದ ಅಕ್ಷರಗಳು ಉಜ್ಜಿ ಉಜ್ಜಿ ಅಳಿಸಿಹೋಗಿದ್ದಾಗ, ಗಂಡನೇ ಒಂದು ಮಧ್ಯಾಹ್ನ ಕೂತು ಆ ಜಾಗದಲ್ಲಿ ಬಾಲ ಎತ್ತಿದ ನೀಲಿ ಹಕ್ಕಿಯೊಂದನ್ನು ಬರೆದಿದ್ದ. ಅವಳು ಹೊಲಿಯುವಾಗ ಹಕ್ಕಿ ಸಣ್ಣಗೆ ನಡುಗುತ್ತಿತ್ತು. ಒಂದು ದಿನ ಮಗ ಸ್ಕೂಲಿನಿಂದ ಬಂದು ನೋಡಿದರೆ ಕಿಟಕಿಯ ಕೆಳಗೆ ಬರೀ ನೆಲ, ಅದರ ಮೇಲೆ ಮಷೀನಿನ ಕಾಲುಗಳ ಗುರುತು. ಅಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ, "ರಿಪೇರಿಗೆ ಕೊಟ್ಟಿದೀನಿ. ನಾಳೆ ನಾಡಿದ್ರಲ್ಲಿ ಬರುತ್ತೆ" ಅಂದಿದ್ದ.

ಬರಲಿಲ್ಲ. ಅಮ್ಮ ಗಂಡನಿಗೆ ಬಾಗಿಲು ಹಾಕಿದಳು. ಅವನು ಕೆಲವು ದಿನ ಸಂಜೆ ಹೊತ್ತು ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದ, ಅವಳು ಪರದೆ ಎಳೆದುಬಿಡುತ್ತಿದ್ದಳು. ಆಮೇಲೆ ಬಣ್ಣದ ಗೋದಾಮಿನಲ್ಲೇ ಇದ್ದುಕೊಂಡು, ಎದೆ ಕೆಟ್ಟು, ಅಲ್ಲೇ ಸತ್ತ. ಹೇಳಿಕಳಿಸಿದಾಗಲೂ ಅವಳು ಹೋಗಲಿಲ್ಲ. ಸಾಲದಲ್ಲಿ ಇನ್ನೊಂದು ಮಷೀನು ತಂದು, ಊರವರ ಶರ್ಟು, ಲಂಗ, ದಿಂಬಿನ ಚೀಲ ಹೊಲಿದು ಮಗನಿಗೆ ಚಿತ್ರಕಲೆ ಓದಿಸಿದಳು. ಅಪ್ಪನ ಕೈ ಮಗನಿಗೆ ಬಂದಿತ್ತು. ಬುದ್ಧಿ ಬರಲಿಲ್ಲವಲ್ಲ ಎಂದು ಅವಳು ಸಮಾಧಾನ ಪಟ್ಟುಕೊಂಡಿದ್ದಳು.

ಆ ಮಗ ಮೊಬೈಲ್ ಗೇಮ್ ಮಾಡುವ ಕಂಪನಿಯೊಂದರಲ್ಲಿ ಚಿತ್ರಗಾರನಾದ. ಅಮ್ಮನ ಮನೆಯಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರದಲ್ಲಿ ಅವನ ರೂಮು, ರಜೆಯ ದಿನ ತಪ್ಪದೆ ಬಂದು ಹೋಗುತ್ತಿದ್ದ. ಕಂಪನಿಯವರು ಮಾಡಿದ್ದ ಗೇಮಿನ ಹೆಸರು 'ಗೂಡು'. ಹೊಡೆದಾಟವಿಲ್ಲ, ಬಂದೂಕಿಲ್ಲ. ಒಂದು ಖಾಲಿ ಮನೆ ಕೊಡುತ್ತಾರೆ, ಅದನ್ನು ಸಿಂಗರಿಸುತ್ತಾ ಹೋಗಬೇಕು. ಮನೆಗೆ ಬೇಕಾದ ಕುರ್ಚಿ, ದೀಪ, ಕನ್ನಡಿ ಎಲ್ಲ ಬರುವುದು ಉಡುಗೊರೆ ಪೆಟ್ಟಿಗೆಗಳಿಂದ. ದಿನಕ್ಕೊಂದು ಪೆಟ್ಟಿಗೆ ಪುಕ್ಕಟೆ. ಇನ್ನೊಂದು ಬೇಕೆಂದರೆ ದುಡ್ಡು. ಒಳಗೆ ಏನಿದೆ ಎಂದು ತೆರೆಯುವ ತನಕ ಗೊತ್ತಾಗುವುದಿಲ್ಲ. ಹೆಚ್ಚಾಗಿ ಸ್ಟೂಲೋ ಬುಟ್ಟಿಯೋ ಬರುತ್ತದೆ, ಅಪರೂಪಕ್ಕೆ ಒಳ್ಳೆಯದು, ಅಪರೂಪದಲ್ಲಿ ಅಪರೂಪಕ್ಕೆ ಎಲ್ಲರೂ ಬಾಯಿ ಬಿಡುವಂಥದ್ದು.

ಪೆಟ್ಟಿಗೆ ತೆರೆಯುವ ಆ ಕ್ಷಣ ಚಿತ್ರಗಾರನ ಕೈಕೆಲಸ. ಮೊದಮೊದಲು ಪೆಟ್ಟಿಗೆ ಸುಮ್ಮನೆ ತೆರೆದುಕೊಳ್ಳುತ್ತಿತ್ತು, ಒಳಗೆ ಬುಟ್ಟಿ ಕಂಡರೆ ಜನ ಮೂಗು ಮುರಿದು ಗೇಮ್ ಮುಚ್ಚಿಬಿಡುತ್ತಿದ್ದರು. ಅವನೊಂದು ಉಪಾಯ ಮಾಡಿದ. ಮುಚ್ಚಳ ಎದ್ದಕೂಡಲೇ ಒಳಗಿಂದ ಬೆಳಕು ಬರುವುದು, ಆ ಬೆಳಕಿನಲ್ಲಿ ಎಲ್ಲಕ್ಕಿಂತ ಅಪರೂಪದ ವಸ್ತುವಿನ ನೆರಳು ಒಮ್ಮೆ ಮೇಲೆದ್ದು, ಇನ್ನೇನು ಹೊರಗೆ ಬಂತು ಅನ್ನುವಷ್ಟರಲ್ಲಿ ಜಾರಿ ಹಿಂದಕ್ಕೆ ಬೀಳುವುದು, ಆಮೇಲೆ ಬುಟ್ಟಿ ಬರುವುದು. ಅಷ್ಟೇ. ಬುಟ್ಟಿ ಬರಬೇಕೆಂದು ಬೆರಳು ತಾಗಿದ ಗಳಿಗೆಯಲ್ಲೇ ತೀರ್ಮಾನವಾಗಿರುತ್ತದೆ. ನೆರಳಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ, ಯಾವ ಪೆಟ್ಟಿಗೆ ತೆರೆದರೂ ನೆರಳು ಬರುತ್ತದೆ. ಜನ ಮಾತ್ರ 'ಛೇ, ತಪ್ಪಿಹೋಯ್ತಲ್ಲ' ಎಂದು ಕೈ ಕೈ ಹಿಸುಕಿಕೊಂಡು ಇನ್ನೊಂದು ಪೆಟ್ಟಿಗೆ ತೆರೆಯತೊಡಗಿದರು. ಆಫೀಸಿನಲ್ಲಿ ಅದಕ್ಕೆ 'ನೆರಳು ತೋರಿಸೋದು' ಅಂತಲೇ ಹೆಸರು ಬಿತ್ತು. ಮ್ಯಾನೇಜರ್ ಎಲ್ಲರೆದುರು ಬೆನ್ನು ತಟ್ಟಿದ, ಸಂಬಳವೂ ಏರಿತು. ಚಿತ್ರಗಾರನಿಗೆ ಕೆಲವು ದಿನ ಕಾಲು ನೆಲಕ್ಕೆ ತಾಗಲಿಲ್ಲ.

ಆ ಹುರುಪಿನಲ್ಲೇ ಅವನಿಗೆ ಅಮ್ಮನ ಮಷೀನು ನೆನಪಾದದ್ದು. ಮುಂದಿನ ಕಂತಿನ ಅತಿ ಅಪರೂಪದ ವಸ್ತು ಏನಿರಲಿ ಎಂದು ಕೇಳಿದಾಗ ಕರಿ ಹೊಲಿಗೆ ಮಷೀನು ಬರೆದುಕೊಟ್ಟ. ಅದರ ಮೈಮೇಲೆ ಬಾಲ ಎತ್ತಿದ ನೀಲಿ ಹಕ್ಕಿ, ಚಕ್ರ ತಿರುಗಿದರೆ ಹಕ್ಕಿ ಸಣ್ಣಗೆ ನಡುಗಬೇಕು, ಅಷ್ಟು ಚಂದ. ಬರೆದು ಮುಗಿಸಿದ ದಿನ ಅವನ ಕಣ್ಣಲ್ಲಿ ನೀರು ಬಂದಿತ್ತು, ಅದು ಸುಳ್ಳಲ್ಲ.

ರಜೆಯ ದಿನ ಬಂದು ಅಮ್ಮನ ಫೋನಿಗೆ ಗೇಮ್ ಹಾಕಿಕೊಟ್ಟ. "ನಿನ್ನ ಹಳೇ ಮಷೀನು ಇದರೊಳಗೆ ಇದೆ. ಅಪ್ಪ ಬರೆದಿದ್ದ ಹಕ್ಕಿ ಸಮೇತ."

ಅಮ್ಮ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. "ಎಲ್ಲಿ? ತೋರ್ಸು."

"ತೋರ್ಸಿಬಿಟ್ರೆ ಏನು ಮಜಾ? ಪೆಟ್ಟಿಗೇಲಿ ಎಲ್ಲೋ ಇದೆ. ನೀನೇ ಹುಡುಕು."

"ಪೆಟ್ಟಿಗೆ ತೆಗೆದ್ರೆ ಏನು ಸಿಗುತ್ತೋ ಗೊತ್ತಿಲ್ಲ ಅಂತೀಯ. ಇದೇನೋ ಇದು, ಜೂಜಿನ ಥರ?"

ಅವನು ನಕ್ಕುಬಿಟ್ಟ. "ಜೂಜಲ್ಲಿ ಸೋತ್ರೆ ಬರಿಗೈಲಿ ಎದ್ದು ಹೋಗ್ಬೇಕಮ್ಮ. ಇಲ್ಲಿ ಪ್ರತಿ ಸಲ ಏನಾದ್ರೂ ಸಿಕ್ಕೇ ಸಿಗುತ್ತೆ. ಗೆದ್ದ ವಸ್ತುನ ಮಾರೋ ಹಾಗೂ ಇಲ್ಲ. ಹೇಗೆ ಜೂಜಾಗುತ್ತೆ?" ಆಫೀಸಿನಲ್ಲಿ ಎಲ್ಲರೂ ಆಡುವ ಮಾತು ಅದು, ಅವನಿಗೆ ಬಾಯಿಪಾಠವಾಗಿತ್ತು. ಅಷ್ಟೇ ಅಲ್ಲ, ಅವನು ಅದನ್ನು ನಂಬಿಯೂ ಇದ್ದ.

ಆ ಚಿತ್ರ ಅವನ ಫೋನಿನಲ್ಲೇ ಇತ್ತು. ಜೇಬಿನಿಂದ ತೆಗೆದು ಆಗಲೇ ತೋರಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅಮ್ಮ ನೋಡಿ, ಕಣ್ಣೊರೆಸಿಕೊಂಡು, ನಿಮ್ಮಪ್ಪನ ಹಕ್ಕಿಯ ಬಾಲ ಇನ್ನೂ ಸ್ವಲ್ಪ ಉದ್ದ ಇತ್ತು ಎಂದು ತಪ್ಪು ಹುಡುಕಿ, ಮತ್ತೆ ಹೊಲಿಗೆಗೆ ಕೂರುತ್ತಿದ್ದಳು. ಆದರೆ ಪೆಟ್ಟಿಗೆ ಮಾಡಿ ಮಾಡಿ ಅವನ ತಲೆಯೇ ಪೆಟ್ಟಿಗೆಯಾಗಿತ್ತು. ಯಾವುದನ್ನೂ ಸುಮ್ಮನೆ ಕೈಗೆ ಕೊಡಬಾರದು, ಕಾಯಿಸಿ ಕೊಟ್ಟರೇ ಖುಷಿ ಎಂದು ದಿನಾ ಆಫೀಸಿನಲ್ಲಿ ಹೇಳುತ್ತಿದ್ದುದನ್ನು ಹೆತ್ತ ತಾಯಿಯ ಮೇಲೂ ಹೂಡಿದ. ಬೇರೆ ಕೆಲಸದಲ್ಲಿದ್ದ ಮಗ ಈ ತಪ್ಪು ಮಾಡುತ್ತಿರಲಿಲ್ಲ.

ಅಮ್ಮ ಆಡತೊಡಗಿದಳು. ಮೊದಲೆಲ್ಲ ದಿನದ ಪುಕ್ಕಟೆ ಪೆಟ್ಟಿಗೆ ಒಂದೇ. ಮಗನಿಗೆ ಫೋನ್ ಮಾಡಿ, "ಇವತ್ತೊಂದು ಚಾಪೆ ಬಂತು ಕಣೋ. ಅದನ್ನೂ ನೀನೇ ಬರೆದಿದ್ದಾ?" ಎಂದು ಕೇಳುವಳು. ಅವನು ಹೌದು ಅಂದರೆ, "ಅಂಚು ಸರಿಯಾಗಿ ಮಡಚಿಲ್ಲ" ಅನ್ನುವಳು. ಇಬ್ಬರೂ ನಗುವರು. ತಾಯಿ ಮಗನ ನಡುವೆ ಅಷ್ಟು ಮಾತು ಎಷ್ಟೋ ವರ್ಷದಿಂದ ಇರಲಿಲ್ಲ. ಒಮ್ಮೆ ಅವಳು, "ನನ್ನ ಕಣ್ಣೂ ಮಂಜಾಗ್ತಿದೆ, ಒಂದ್ಸಲ ತೋರ್ಸಿಬಿಡೋ" ಎಂದು ಕೇಳಿದ್ದಳು. "ಅಷ್ಟಕ್ಕೆಲ್ಲ ಸೋತ್ರೆ ಹೇಗಮ್ಮ? ಬಂದೇ ಬರುತ್ತೆ" ಎಂದು ಇವನು ತೇಲಿಸಿಬಿಟ್ಟಿದ್ದ. ಆಮೇಲೆ ಅವಳು ಕೇಳಲಿಲ್ಲ. ಫೋನುಗಳೂ ಕಡಿಮೆಯಾದವು. ಅಮ್ಮನಿಗೆ ಬೇಜಾರು ಬಂದು ಆಟ ಬಿಟ್ಟಿರಬೇಕು ಎಂದು ಅವನು ಅಂದುಕೊಂಡ. ಆದರೂ ಹೋದಾಗಲೆಲ್ಲ ಫೋನು ಅವಳ ಪಕ್ಕದಲ್ಲೇ ಇರುವುದನ್ನು ನೋಡಿ ಇಲ್ಲ, ಆಡುತ್ತಾಳೆ ಎಂದು ಖುಷಿಯೂ ಪಡುತ್ತಿದ್ದ.

ಆ ಹೊತ್ತಿಗೆ ಸರ್ಕಾರ ಒಂದು ಸಮಿತಿ ಮಾಡಿತು. ದುಡ್ಡು ಕೊಟ್ಟು, ಏನು ಬರುತ್ತದೆಂದು ಗೊತ್ತಿಲ್ಲದ ಪೆಟ್ಟಿಗೆ ತೆರೆಯುವುದು ಜೂಜೋ ಅಲ್ಲವೋ, ಜೂಜಾದರೆ ನಿಲ್ಲಿಸಬೇಕೋ ಬೇಡವೋ ಎಂದು ವಿಚಾರಣೆ. ಕಂಪನಿಗೆ ಬೆಂಕಿ ಬಿದ್ದಂತಾಯಿತು. ಮ್ಯಾನೇಜರ್ ಚಿತ್ರಗಾರನನ್ನು ಒಳಗೆ ಕರೆದು, ಬಾಗಿಲು ಹಾಕಿ, ಟೀ ತರಿಸಿದ. ಕೆಟ್ಟವನೇನಲ್ಲ ಅವನು, ಹೆದರಿದವನು.

"ವಕೀಲರು ಮಾತಾಡಿದ್ರೆ ವಕೀಲರ ಮಾತು ಅಂತಾರೆ. ನೀನು ಹೇಳಿದ್ರೆ ಕೇಳ್ತಾರೆ. ನಿಮ್ಮಮ್ಮನೂ ಆಡ್ತಾರೆ ಅಂದಿದ್ಯಲ್ಲ, ಅದನ್ನೇ ಹೇಳು. ಇಲ್ಲದ್ದೇನೂ ಹೇಳ್ಬೇಡ."

ಇಲ್ಲದ್ದನ್ನು ಅವನು ಹೇಳಲೂ ಇಲ್ಲ. ಉದ್ದನೆಯ ಮೇಜಿನ ಆ ಕಡೆ ನಿವೃತ್ತ ನ್ಯಾಯಾಧೀಶರು, ಅವರ ಪಕ್ಕದಲ್ಲಿ ಮಕ್ಕಳ ಡಾಕ್ಟರಮ್ಮ, ಇನ್ನೂ ಕೆಲವರು. ಮೂಲೆಯಲ್ಲಿ ಟೀವಿಯವರು. ಅವನು ಹೇಳಿದ: "ನಮ್ಮ ತಂದೆ ಜೂಜಾಡಿ ಮನೆ ಹಾಳು ಮಾಡಿದವರು. ಜೂಜು ಅಂದ್ರೇನು ಅಂತ ನಂಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ. ನಮ್ಮಮ್ಮ ಇಸ್ಪೀಟಿನ ಎಲೆ ಇರೋ ಮನೇಲಿ ನೀರೂ ಕುಡಿಯಲ್ಲ. ಅಂಥ ನಮ್ಮಮ್ಮ ಈ ಗೇಮ್ ಆಡ್ತಾರೆ, ದಿನಾ ಆಡ್ತಾರೆ. ಇದು ಜೂಜಾಗಿದ್ರೆ ಅವರು ಮುಟ್ತಿದ್ರಾ ಸ್ವಾಮಿ?"

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಡಾಕ್ಟರಮ್ಮ ಒಬ್ಬಳೇ ಬಿಡಲಿಲ್ಲ. "ಪೆಟ್ಟಿಗೆ ತೆರೆಯೋವಾಗ ಒಂದು ನೆರಳು ಕಾಣಿಸುತ್ತಲ್ಲ, ಅದು ಏನು?"

"ಅದು ಬರೀ ಅಲಂಕಾರ ಮೇಡಂ. ಫಲಿತಾಂಶಕ್ಕೂ ಅದಕ್ಕೂ ಸಂಬಂಧ ಇಲ್ಲ."

ನಿಜವನ್ನೇ ಹೇಳಿದ್ದ. ನಿಜ ಹೇಳಿಯೂ ಮುಚ್ಚಿಡಬಹುದು ಎಂಬುದು ಅವನಿಗೆ ಆ ಕುರ್ಚಿಯಲ್ಲಿ ಕೂತಿದ್ದಾಗಲೇ ಒಂದಿಷ್ಟು ಹೊಳೆದಿತ್ತು. ಡಾಕ್ಟರಮ್ಮ ಇನ್ನೊಂದು ಪ್ರಶ್ನೆ ಕೇಳಲಿ ಎಂದು ಒಳಗೊಳಗೇ ಅನಿಸಿತು. ಅವಳು ಏನೋ ಬರೆದುಕೊಂಡು ಸುಮ್ಮನಾದಳು.

ಅವತ್ತು ಸಂಜೆ ಅಮ್ಮ ಫೋನ್ ಮಾಡಿದಳು. "ಟೀವಿಲಿ ನೋಡ್ದೆ. ಕಾಲರ್ ಒಂದು ಕಡೆ ಮಡಚಿಕೊಂಡಿತ್ತು" ಅಂದಳು.

"ಮಾತು ಹೇಗಿತ್ತು?"

ಅಮ್ಮ ಆಚೆ ಟೀವಿಯ ಸದ್ದು ತಗ್ಗಿಸಿದಳು. "ಚೆನ್ನಾಗಿ ಮಾತಾಡ್ದೆ ಕಣಪ್ಪ. ನಿಮ್ಮಪ್ಪನಿಗೆ ನಾಲ್ಕು ಜನರ ಮುಂದೆ ಬಾಯೇ ಬರ್ತಿರ್ಲಿಲ್ಲ."

ಕೆಲವು ವಾರಗಳಲ್ಲಿ ತೀರ್ಮಾನ ಹೊರಬಿತ್ತು. ಜೂಜಲ್ಲ. ಓದುವಾಗ ನ್ಯಾಯಾಧೀಶರು, ಜೂಜಿನ ಪೆಟ್ಟು ತಿಂದ ಮನೆಯಿಂದಲೇ ಬಂದ ಸಾಕ್ಷಿಯ ಮಾತು ಸಮಿತಿಯ ಮನಸ್ಸು ಮುಟ್ಟಿತು ಎಂದು ಬೇರೆ ಹೇಳಿದರು. ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ಮೊದಲ ತುಂಡು ಚಿತ್ರಗಾರನ ಬಾಯಿಗೆ. ಅವನು ಒಂದು ದೊಡ್ಡ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು, ಮಾರನೆಯ ದಿನ ಬೆಳಿಗ್ಗೆಯೇ ಅಮ್ಮನ ಮನೆಗೆ ಹೊರಟ.

ಅಮ್ಮನ ಮನೆ ಗುಂಡಿ-ದಾರದ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲು ಹತ್ತುವಾಗಲೇ ಮಷೀನಿನ ಸದ್ದು ಕೇಳುವುದು ವಾಡಿಕೆ. ಅವತ್ತು ಕೇಳಲಿಲ್ಲ. ಅಂಗಡಿಯವನು ಇವನನ್ನು ಕಂಡು ಮಾತಾಡಿಸಲು ಬಾಯಿ ತೆರೆದವನು, ಯಾಕೋ ರೀಲುಗಳನ್ನು ಜೋಡಿಸತೊಡಗಿದ. ಇವನು ಮೇಲೆ ಹೋಗಿ ನೋಡಿದರೆ ಕಿಟಕಿಯ ಕೆಳಗೆ ಬರೀ ನೆಲ. ಕಾಲುಗಳ ಗುರುತು, ಸುತ್ತ ಬಣ್ಣಬಣ್ಣದ ದಾರದ ಚೂರು.

"ಮಷೀನೆಲ್ಲಮ್ಮ?"

ಅಮ್ಮ ಕಿಟಕಿಯ ಕುಂಡಕ್ಕೆ ನೀರು ಹಾಕುತ್ತಿದ್ದಳು. ತಿರುಗಲಿಲ್ಲ. "ರಿಪೇರಿಗೆ ಕೊಟ್ಟಿದೀನಿ. ನಾಳೆ ನಾಡಿದ್ರಲ್ಲಿ ಬರುತ್ತೆ."

ಆ ಮಾತು, ಆ ಧಾಟಿ, ಮುಖ ತಿರುಗಿಸದ ಆ ಬೆನ್ನು, ಎಲ್ಲವನ್ನೂ ಅವನು ಹಿಂದೆ ಕಂಡಿದ್ದ. ತಾನು ಯಾರ ಮಾತನ್ನು ಆಡುತ್ತಿದ್ದೇನೆಂದು ಅಮ್ಮನಿಗೆ ತಿಳಿದಿರಲಿಲ್ಲ. ನೀರು ತುಂಬಿ ಕುಂಡದ ತಟ್ಟೆಯಿಂದ ಹೊರಗೆ ಹರಿಯುತ್ತಿದ್ದರೂ ಹಾಕುತ್ತಲೇ ಇದ್ದಳು.

ಸ್ಟೂಲಿನ ಮೇಲಿದ್ದ ಅವಳ ಫೋನು ಆಗಲೇ ಸದ್ದು ಮಾಡಿತು. ಹೊಸ ಪೆಟ್ಟಿಗೆ ಬಂದಿದೆ ಎಂದು ಕರೆಯುವ ಸದ್ದು. ಅವನು ಫೋನು ಎತ್ತಿಕೊಂಡು ಗೇಮ್ ತೆರೆದ. ಗೂಡಿನೊಳಗೆ ಅಮ್ಮ ಕಟ್ಟಿದ ಮನೆ ಕಾಣಿಸಿತು. ಕಾಲಿಡಲು ಜಾಗವಿಲ್ಲ. ಕೋಣೆ ತುಂಬಾ ಸ್ಟೂಲಿನ ಮೇಲೆ ಸ್ಟೂಲು, ಬುಟ್ಟಿಯೊಳಗೆ ಬುಟ್ಟಿ, ಗೋಡೆಯುದ್ದಕ್ಕೂ ಒಂದೇ ಥರದ ದೀಪಗಳು, ಚಾಪೆಗಳು ಒಂದರ ಮೇಲೊಂದು ಅಟ್ಟಕ್ಕೆ ಮುಟ್ಟುವಷ್ಟು. ಎಲ್ಲವೂ ಅವನೇ ಬರೆದದ್ದು. ಎಷ್ಟು ಪೆಟ್ಟಿಗೆ ತೆರೆದರೆ ಇಷ್ಟು ಸಾಮಾನು ಬೀಳುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅಮ್ಮ."

ಅವಳು ತಂಬಿಗೆ ಕೆಳಗಿಟ್ಟು, ಮಷೀನಿದ್ದ ಜಾಗದಲ್ಲೇ ನೆಲಕ್ಕೆ ಕೂತಳು. ಕೂತು ಅಳಲಿಲ್ಲ. ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಉಗುರು ನೋಡಿಕೊಳ್ಳುತ್ತ ಹೇಳತೊಡಗಿದಳು.

"ಫೋನಲ್ಲಿ ದುಡ್ಡು ಕಟ್ಟೋದು ಹೇಗೆ ಅಂತ ಕೆಳಗಿನ ಅಂಗಡಿಯವನ್ನ ಕೇಳಿದೆ. ಪಾಪ, ಅವನು ಕರೆಂಟ್ ಬಿಲ್ಲಿಗೆ ಅಂದ್ಕೊಂಡು ಹೇಳಿಕೊಟ್ಟ. ನೀನು ಮನೆಗೆ ಅಂತ ಕೊಟ್ಟಿದ್ದನ್ನ ಮುಟ್ಟಿಲ್ಲ ಕಣೋ, ಆಣೆ. ಹೊಲಿದು ಬಂದಿದ್ದೇ ಹಾಕಿದೆ. ಆಮೇಲೆ ಹೊಲಿಯೋಕೇ ಮನಸ್ಸು ಬರ್ಲಿಲ್ಲ. ಒಂದು ಅಂಚು ಹೊಲೀತೀನಿ, ಫೋನ್ ನೋಡ್ತೀನಿ. ಅರ್ಧ ಅಂಚು ಹೊಲೀತೀನಿ, ಮತ್ತೆ ನೋಡ್ತೀನಿ. ಬಟ್ಟೆ ಕೊಟ್ಟೋರು ಬಂದು ಬೈದು ವಾಪಸ್ ತಗೊಂಡು ಹೋದ್ರು."

"ಮಷೀನು?"

"ಪರದೆ ಹೊಲಿಯೋ ಕಾರ್ಖಾನೆಯವನಿಗೆ ಕೊಟ್ಟೆ. ಹೇಗಿದ್ರೂ ಸುಮ್ನೆ ನಿಂತಿತ್ತಲ್ಲ ಅಂತ." ಅವಳು ತಲೆಯೆತ್ತಿದಳು. ಕಣ್ಣಲ್ಲೊಂದು ಹೊಳಪಿತ್ತು, ಅದು ಅವನಿಗೆ ಸಹಿಸಲಾಗಲಿಲ್ಲ. "ಆದ್ರೆ ಬಂದೇ ಬಿಟ್ಟಿತ್ತು ಕಣೋ. ಚಕ್ರ, ಮೇಲಿನ ತೋಳು, ಎಲ್ಲ ನೆರಳು ಕಾಣಿಸ್ತಿತ್ತು. ಇನ್ನೇನು ಹೊರಗೆ ಬರ್ಬೇಕು, ಜಾರಿ ಹೋಗೋದು. ಪ್ರತಿ ಸಲ ಕೂದಲೆಳೆಲಿ ತಪ್ಪಿಹೋಗೋದು. ಇನ್ನೊಂದು ತೆಗೆದಿದ್ರೆ ಸಿಕ್ಕೇ ಸಿಗ್ತಿತ್ತು."

ಇದನ್ನು ಹೇಳದೆ ಬಿಡಬಹುದಿತ್ತು. ಆದರೆ ಬಿಟ್ಟರೆ ಅವಳು ಇನ್ನೊಂದು ತೆಗೆಯುತ್ತಾಳೆ. "ಆ ನೆರಳು ನಾನು ಹಾಕಿದ್ದಮ್ಮ" ಅಂದ. "ಯಾವ ಪೆಟ್ಟಿಗೆ ತೆಗೆದ್ರೂ ಅದು ಬರುತ್ತೆ. ಒಳಗೆ ಬುಟ್ಟಿ ಇದ್ರೂ ಬರುತ್ತೆ. ಒಂದ್ಸಲಾನೂ ಕೂದಲೆಳೆಲಿ ತಪ್ಪಿರ್ಲಿಲ್ಲ."

ಅಮ್ಮ ಅವನನ್ನೇ ನೋಡಿದಳು. ಅರ್ಥವಾಗದೆ ಅಲ್ಲ. ಬಟ್ಟೆಯ ಅಳತೆ ತಪ್ಪಿ ಕತ್ತರಿಸಿಬಿಟ್ಟಾಗ ಅವಳು ಹೀಗೇ ನೋಡುವುದು. "ಯಾಕೆ ಹಾಕಿದೆ?"

"ಜನ ಇನ್ನೊಂದು ತೆಗೀಲಿ ಅಂತ."

ಅವನು ಗಡಿಬಿಡಿಯಲ್ಲಿ ತನ್ನ ಫೋನು ತೆಗೆದು, ಚಿತ್ರ ಹುಡುಕಿ, ಅವಳ ಮುಂದೆ ಹಿಡಿದ. ಕರಿ ಮಷೀನು, ನೀಲಿ ಹಕ್ಕಿ. "ನೋಡಮ್ಮ, ಇಲ್ಲಿದೆ, ನೋಡು."

ಅಮ್ಮ ಮುಖ ಪಕ್ಕಕ್ಕೆ ತಿರುಗಿಸಿದಳು. "ಈಗ ಬೇಡ. ತೆಗಿ ಅದನ್ನ."

ಕೈ ಚಾಚಿದವನು ಹಾಗೇ ಕೂತ. ಎಷ್ಟು ಸುಲಭದ ಕೆಲಸವಾಗಿತ್ತು ಅದು! ಒಂದು ಸಲ ಫೋನು ತಿರುಗಿಸಿ ತೋರಿಸುವುದು.

ಸ್ವಲ್ಪ ಹೊತ್ತಿಗೆ ಅವನು ಕೇಳಿದ, "ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ನೀನು ಟೀವಿಲಿ ಬಂದೆ. ನಮ್ಮಮ್ಮ ಆಡ್ತಾರೆ, ಆದ್ರಿಂದ ಇದು ಜೂಜಲ್ಲ ಅಂದೆ. ಓದಿದೋನು ಹೇಳ್ತಾನೆ, ಅಷ್ಟು ದೊಡ್ಡೋರು ತಲೆ ಆಡಿಸ್ತಾರೆ. ಹಾಗಾದ್ರೆ ಆಟದಲ್ಲೇನೂ ತಪ್ಪಿಲ್ಲ, ನನ್ನ ಬುದ್ಧಿನೇ ಕೆಟ್ಟಿದೆ ಅಂದ್ಕೊಂಡೆ. ನಾನು ಬಾಯಿ ಬಿಟ್ರೆ ನೀನು ಸುಳ್ಳುಗಾರ ಆಗ್ತಿದ್ದೆ. ಅದಕ್ಕೇ ಬಾಯಿಗೆ ಬೀಗ ಹಾಕ್ಕೊಂಡೆ."

ಕಾಗದದಲ್ಲಿ ಸುತ್ತಿದ್ದ ಕೇಕ್ ಅವನ ಚೀಲದಲ್ಲೇ ಇತ್ತು. ಹೊರಡುವಾಗ ಅದನ್ನು ಬೀದಿಯ ಕಸದ ಡಬ್ಬಕ್ಕೆ ಹಾಕಿದ. ಅಲ್ಲಿಂದ ನೇರ ಪರದೆ ಕಾರ್ಖಾನೆಗೆ ಹೋದರೆ, ಮಷೀನು ಬೇರೆಯವುಗಳ ಜೊತೆ ಲಾರಿ ಹತ್ತಿ ಬೇರೆ ಊರಿಗೆ ಹೋಗಿಯಾಗಿತ್ತು. ಹೊಸದು ತರುತ್ತೇನೆಂದು ಫೋನ್ ಮಾಡಿದ. "ತರ್ಬೇಡ" ಅಂದಳು ಅಮ್ಮ. "ಮತ್ತೆ ಮಾರಲ್ಲ ಅಂತ ನಂಗೇ ಧೈರ್ಯ ಇಲ್ಲ."

ಮರುದಿನ ಆಫೀಸಿನಲ್ಲಿ ಮ್ಯಾನೇಜರ್ ಮುಂದೆ ನಿಂತು ನಡೆದದ್ದೆಲ್ಲ ಹೇಳಿದ. ನೆರಳನ್ನಾದರೂ ತೆಗೆದುಹಾಕೋಣ ಎಂದು ಬೇಡಿಕೊಂಡ. ಮ್ಯಾನೇಜರ್ ತಲೆ ಹಿಡಿದುಕೊಂಡ. ನಿಜವಾಗಿ ನೊಂದುಕೊಂಡ.

"ನಿಮ್ಮಮ್ಮ ಕಟ್ಟಿದ ದುಡ್ಡೆಲ್ಲ ವಾಪಸ್ ಕೊಡಿಸ್ತೀನಿ, ಅದನ್ನ ನಂಗೆ ಬಿಡು. ಆದ್ರೆ ನೆರಳು ತೆಗೆಯೋಕೆ ಆಗಲ್ಲಪ್ಪ. ಈಗ ತೆಗೆದ್ರೆ ಅದರಲ್ಲಿ ಏನೋ ತಪ್ಪಿತ್ತು ಅಂತ ನಾವೇ ಒಪ್ಕೊಂಡ ಹಾಗೆ. ಸಮಿತಿನೇ ಜೂಜಲ್ಲ ಅಂದಿದೆ. ಅದೂ ಯಾರ ಮಾತು ಕೇಳಿ?" ಎಂದು ಕೇಳಿ, ತಾನೇ ನಾಚಿದವನ ಹಾಗೆ ಕಿಟಕಿಯ ಕಡೆ ನೋಡಿದ.

ಚಿತ್ರಗಾರ ತನ್ನ ಮೇಜಿಗೆ ಹೋಗಿ ಕುಂಚವಿಲ್ಲದ ಆ ಕೆಲಸದ ಸಾಮಾನು, ಅಂದರೆ ಒಂದು ಪೆನ್ನು, ಒಂದು ಟೀ ಲೋಟ, ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದ. ಕೆಲಸ ಬಿಟ್ಟದ್ದು ದೊಡ್ಡಸ್ತಿಕೆಯೇನಲ್ಲ ಎಂದು ಅವನಿಗೇ ಗೊತ್ತಿತ್ತು. ಅವನು ಬಿಟ್ಟರೂ ನೆರಳು ಅಲ್ಲೇ ಇರುತ್ತದೆ, ಯಾವುದೋ ಊರಿನ ಯಾರದೋ ತಾಯಿಗೆ ಕಾಣಿಸಿ ಜಾರುತ್ತಲೇ ಇರುತ್ತದೆ. ಉಳಿದಿದ್ದು ಒಂದೇ ದಾರಿ. ಸಮಿತಿಯ ಮುಂದೆ ಹೋಗಿ, ಕೇಳಿದರೂ ಕೇಳದಿದ್ದರೂ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು. ಅದಕ್ಕೆ ಅಮ್ಮನ ಕಥೆಯನ್ನು ಊರಿಗೆಲ್ಲ ಹೇಳಬೇಕು. ಒಂದು ಸಲ ಅವಳನ್ನು ಕೇಳದೆಯೇ ಅವಳ ಹೆಸರು ಹೇಳಿದ್ದ. ಈ ಸಲ ಕೇಳಲು ಹೋದ.

ಸಂಜೆಯ ಬಿಸಿಲು ಕಿಟಕಿಯಿಂದ ಆ ಖಾಲಿ ಜಾಗದ ಮೇಲೆ ಬಿದ್ದಿತ್ತು. ಅಮ್ಮ ಗೋಡೆಗೊರಗಿ ಕೂತಿದ್ದಳು, ಕೈಗೆ ಕೆಲಸವಿಲ್ಲದೆ ಸೆರಗಿನ ಅಂಚನ್ನೇ ಮಡಚುತ್ತ ಬಿಚ್ಚುತ್ತ. ಅವನು ಎದುರಿಗೆ ಕೂತು ಎಲ್ಲ ಹೇಳಿದ.

"ಟೀವಿಯವರು ಮತ್ತೆ ಬರ್ತಾರೆ. ನೀನು ಮಷೀನು ಮಾರಿದ್ದೂ ಹೇಳ್ಬೇಕಾಗುತ್ತೆ. ಬೇಡ ಅಂದ್ರೆ ಹೇಳಲ್ಲ."

"ಅದು ಆಮೇಲೆ. ಅವರಿಗೆ ಏನು ಹೇಳ್ತೀಯೋ ಮೊದ್ಲು ನಂಗೆ ಹೇಳು" ಅಂದಳು ಅಮ್ಮ. "ಅದು ಜೂಜಾ, ಅಲ್ವಾ?"

ಬಾಯಿಪಾಠವಾಗಿದ್ದ ಉತ್ತರಗಳೆಲ್ಲ ಅವನ ನಾಲಿಗೆಯ ಮೇಲೆ ಬಂದು ಹೋದವು. ಅಲ್ಲ ಎಂದರೆ ತಪ್ಪೆಲ್ಲ ಅವಳದಾಗುತ್ತದೆ. ಹೌದು ಎಂದರೆ, ಜನ್ಮವಿಡೀ ಯಾರಿಗೆ ಬಾಗಿಲು ಹಾಕಿದಳೋ ಅವನ ಸಾಲಿನಲ್ಲಿ ಅವಳೂ ನಿಲ್ಲುತ್ತಾಳೆ. ಅವಳು ಅವನ ಬಾಯನ್ನೇ ನೋಡುತ್ತಿದ್ದಳು.

"ಹೌದಮ್ಮ. ಜೂಜೇ."

ಅಮ್ಮ ತಲೆಯಾಡಿಸಿದಳು. ಕೆಳಗಿನ ಅಂಗಡಿಯವನು ಯಾರಿಗೋ ಗುಂಡಿಯ ಬಣ್ಣ ಹೇಳುತ್ತಿದ್ದುದು ಮೆಟ್ಟಿಲ ಮೇಲಿಂದ ಕೇಳುತ್ತಿತ್ತು.

"ನಾನು ಗೇಟಿನ ಹತ್ರಾನೇ ನಿಲ್ಲಿಸಿಬಿಟ್ಟೆ ನಿಮ್ಮಪ್ಪನ್ನ" ಅಂದಳು. "ಒಂದು ಸಲ ಒಳಗೆ ಕರೆದು, ಅಲ್ಲಿ ಕೂತ್ರೆ ಏನಾಗುತ್ತೆ ನಿಮ್ಗೆ ಅಂತ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ರೇನೋ. ಈಗ ನಂಗೆ ಗೊತ್ತು, ಹೇಳೋಣ ಅಂದ್ರೆ ಅವರಿಲ್ಲ."

"ಅಮ್ಮ..."

"ಹೋಗಿ ಹೇಳು. ನನ್ನ ವಿಷ್ಯ ಎಲ್ಲಾನೂ ಹೇಳು, ನಂಗೇನೂ ನಾಚಿಕೆ ಇಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ಅವಳು ತನ್ನಷ್ಟಕ್ಕೇ ಯೋಚಿಸುತ್ತಿದ್ದಳು. "ಇಷ್ಟು ವರ್ಷ ಆಡಿದೋರನ್ನೇ ಬೈದೆ ನೋಡು. ಆ ಸೈಕಲ್ ಅಂಗಡಿ ಹಿಂದೆ ಕೂತು ಎಲೆ ಹಂಚ್ತಿದ್ದೋನು ಒಬ್ಬ ಇದ್ದನಲ್ಲ, ಅವನ್ಯಾರು, ಅವನಿಗೂ ಮನೇಲಿ ಒಬ್ಬ ತಾಯಿ ಇದ್ದಳಾ ಅಂತ ಒಂದ್ಸಲಾನೂ ಯೋಚ್ನೆ ಮಾಡ್ಲಿಲ್ಲ."

ಚಿತ್ರಗಾರ ತಲೆ ಎತ್ತಲಿಲ್ಲ. ಅಮ್ಮ ಕೈ ಚಾಚಿ, ಅವನ ಶರ್ಟಿನ ತೋಳಿಗೆ ಅಂಟಿದ್ದ ಒಂದು ದಾರದ ಚೂರನ್ನು ತೆಗೆದು ಪಕ್ಕಕ್ಕೆ ಹಾಕಿದಳು.